ಮನೆ ಅಡುಗೆಗೆ ವಿಮರ್ಶೆ ಇಲ್ಲ

ಈ ಮಹಾನಗರದ ಯಾವ ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಏನು ಬೇಯುತ್ತಿದೆ ಎಂದು ಕೇಳಿ, ನನ್ನ ಗಂಡ ನಿದ್ದೆಗಣ್ಣಲ್ಲೂ ಹೇಳುತ್ತಾರೆ. ನಮ್ಮ ಮನೆಯ ಒಲೆಯ ಮೇಲೆ ಏನಿದೆ ಎಂದು ಕೇಳಿದರೆ ಮಾತ್ರ ಎದ್ದು ಹೋಗಿ ಮುಚ್ಚಳ ತೆಗೆದು ನೋಡಬೇಕು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ!

ಇವರ ಕೆಲಸ ಸಿಟಿ ಬಸ್ಸಿನಲ್ಲಿ ಟಿಕೆಟ್ ತಪಾಸಣೆ. ಟಿಕೆಟ್ ಇಲ್ಲದವರನ್ನು ಹಿಡಿಯುವಷ್ಟರಲ್ಲಿ ಬಸ್ಸು ಕೊನೆಯ ಸ್ಟಾಪಿಗೆ ಬಂದು ನಿಲ್ಲುತ್ತದೆ. ಡ್ರೈವರು ಕಾಲು ಚಾಚಿ ಮಲಗುತ್ತಾನೆ. ಇವರು ಇಳಿದು, ಗಾಳಿ ಬಂದ ಕಡೆ ಮೂಗು ತಿರುಗಿಸಿ ನಡೆಯುತ್ತಾರೆ. ಪೇಟೆಯ ನಡುವೆ ಬಾಡಿಗೆ ಕೊಡಲಾಗದವರೆಲ್ಲ ಅಂಗಡಿ ಹಾಕುವುದು ಈ ಕೊನೆಯ ಸ್ಟಾಪುಗಳಲ್ಲೇ. ಒಂದು ಕಡೆ ಯಾವುದೋ ದೇಶದಿಂದ ಬಂದ ಅಣ್ಣ-ತಮ್ಮ ಒಲೆಯ ಗೋಡೆಗೆ ರೊಟ್ಟಿ ಬಡಿಯುತ್ತಿರುತ್ತಾರೆ. ಇನ್ನೊಂದು ಕಡೆ ಕಾರು ನಿಲ್ಲಿಸುವ ಜಾಗದಲ್ಲಿ ಒಬ್ಬಜ್ಜಿ ಕಂಬಿಗೆ ಮಾಂಸ ಸಿಕ್ಕಿಸಿ ಕೆಂಡದ ಮೇಲೆ ತಿರುಗಿಸುತ್ತಿರುತ್ತಾಳೆ. ಇವರು ಅಲ್ಲೆಲ್ಲ ಕೂತು, ತಿಂದು, ಬಂದು ಬರೆಯುತ್ತಾರೆ. ಭಾನುವಾರದ ಪತ್ರಿಕೆಯಲ್ಲಿ ‘ಕೊನೆಯ ಸ್ಟಾಪ್’ ಅಂತ ಅಂಕಣ. ಯಾವ ನೆಲಮಾಳಿಗೆಯ ಅಂಗಡಿಯಲ್ಲಿ ಅಕ್ಕಿಯ ಕಪ್ಪು ವಿನೆಗರ್ ಸಿಗುತ್ತದೆ, ಯಾವ ಮೀನಿನವನು ನಿನ್ನೆಯ ಮೀನನ್ನು ಇವತ್ತಿನದು ಎಂದು ಸುಳ್ಳು ಹೇಳುವುದಿಲ್ಲ, ಎಲ್ಲವೂ ಅದರಲ್ಲಿ ಇರುತ್ತದೆ.

ಜನ ಇವರನ್ನು ಕರೆಯುವುದು ಮೂಗುರಾಯರು ಎಂದು. ತಟ್ಟೆ ಬಂದ ಕೂಡಲೇ ತಿನ್ನುವವರಲ್ಲ. ಬಗ್ಗುತ್ತಾರೆ, ಕಣ್ಣು ಮುಚ್ಚುತ್ತಾರೆ, ಮೂಗಿನಿಂದ ಉದ್ದಕ್ಕೆ ಎಳೆದುಕೊಳ್ಳುತ್ತಾರೆ. ಆಮೇಲೆ ಕಣ್ಣು ಬಿಟ್ಟು, “ಜೀರಿಗೆ ಹುರಿದದ್ದು ಇವತ್ತಲ್ಲ,” ಎನ್ನುತ್ತಾರೆ. ಅಡುಗೆಯವನು ಒಳಗೆ ಹೋಗಿ ಬೆವರು ಒರೆಸಿಕೊಳ್ಳುತ್ತಾನೆ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಈ ಮೂಗಿನ ಮುಂದೆ ತಟ್ಟೆ ಇಟ್ಟು, ಎದುರಿಗೆ ನಿಂತು, “ಹೇಗಿದೆ?” ಎಂದು ಕೇಳಿದ್ದೆ.

“ಮನೆ ಅಡುಗೆಗೆ ವಿಮರ್ಶೆ ಇಲ್ಲ,” ಎಂದರು.

“ಅಂದ್ರೆ?”

“ಹೆಂಡತಿ ಮಾಡಿದ್ದನ್ನ ಗಂಡ ಹೊಗಳಿದ್ರೆ ಪಕ್ಷಪಾತ ಆಗುತ್ತೆ. ತೆಗಳಿದ್ರೆ ಜಗಳ ಆಗುತ್ತೆ. ಎರಡೂ ಬೇಡ.”

ಎಂಥ ನಿಷ್ಠೆ ನೋಡಿ! ಅವತ್ತಿನಿಂದ ಇವತ್ತಿನ ತನಕ ಒಂದು ಮಾತಿಲ್ಲ. ಎರಡನೇ ಸಲ ಬಡಿಸಿಕೊಂಡದ್ದೂ ಇಲ್ಲ. ವಿಮರ್ಶಕನ ಹೊಟ್ಟೆಯಲ್ಲಿ ಯಾವಾಗಲೂ ಜಾಗ ಇರಬೇಕಂತೆ. ಆ ಜಾಗಕ್ಕೆ ಹೊರಗೆ ಎಷ್ಟು ಹೋಗುತ್ತಿತ್ತು ಎನ್ನುವುದಕ್ಕೆ ಸಾಕ್ಷಿ ನಾನೇ. ನಮ್ಮ ಮನೆಯ ಕೆಳಗೆ ನನ್ನ ಅಂಗಡಿ ಇದೆ. ಜಿಪ್ ಹಾಕುವುದು, ಅಂಚು ಮಡಿಸುವುದು, ಬಿಗಿಯಾದದ್ದನ್ನು ಸಡಿಲಿಸುವುದು. ಇವರ ಪ್ಯಾಂಟಿನ ಸೊಂಟವನ್ನು ವರ್ಷಾವರ್ಷ ಬಿಚ್ಚಿ ಹೊಲಿದು ಬಿಚ್ಚಿ ಹೊಲಿದು, ಕೊನೆಗೆ ಬಿಚ್ಚಲು ಬಟ್ಟೆಯೇ ಉಳಿದಿರಲಿಲ್ಲ.

ಅತ್ತೆಗೆ ಹೇಳಿಕೊಂಡರೆ ಅವರದ್ದೂ ಅದೇ ರಾಗ. “ಹೆತ್ತ ತಾಯಿ ನಾನು. ನನ್ನ ಕೈಯಡುಗೆಯನ್ನೂ ಒಂದು ದಿನ ಚೆನ್ನಾಗಿದೆ ಅಂದವನಲ್ಲ. ಹಿತ್ತಲ ಗಿಡ ಮದ್ದಲ್ಲ ಬಿಡಮ್ಮ.”

ನನಗೆ ಬಿಡಲಾಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಈ ಮನುಷ್ಯನ ಬಾಯಿಂದ ನನ್ನ ಅಡುಗೆಗೆ ಒಂದೇ ಒಂದು ಒಳ್ಳೆಯ ಮಾತು ಬರಬೇಕೆಂದು ನಾನು ಹಟ ಹಿಡಿದು ಕಾದಿದ್ದೆ. ಊರಿನ ಜನರೆಲ್ಲ ಹೊಗಳಲಿ, ಅದು ಬೇರೆ. ಆ ಮೂಗು ಹೊಗಳಬೇಕು.

ಹೀಗಿರುವಾಗ ಇವರಿಗೆ ನೆಗಡಿ ಬಂತು. ಸಾಮಾನ್ಯ ನೆಗಡಿಯಲ್ಲ, ಜ್ವರ ಹಿಡಿದು ಮಲಗಿಸಿದ ನೆಗಡಿ. ಜ್ವರ ಬಿಟ್ಟ ಮೇಲೆ ಎದ್ದು, ಸ್ನಾನ ಮಾಡಿ, ಯೂನಿಫಾರ್ಮ್ ಹಾಕಿಕೊಂಡು, ಕಂಕುಳಿಗೆ ಸ್ಪ್ರೇ ಹೊಡೆದುಕೊಂಡು ಕೆಲಸಕ್ಕೆ ಹೊರಟರು. ಬಾಗಿಲಲ್ಲಿ ನನ್ನ ಪಕ್ಕ ಹಾದುಹೋದಾಗ ಕಣ್ಣಲ್ಲಿ ನೀರು ಬಂತು, ಪ್ರೀತಿಯಿಂದಲ್ಲ.

“ರೀ, ಯಾವ ಡಬ್ಬಿ ಹೊಡ್ಕೊಂಡ್ರಿ?”

“ನೀಲಿ ಡಬ್ಬಿ.”

ನೀಲಿ ಡಬ್ಬಿ ಜಿರಳೆ ಔಷಧಿ. ಅದನ್ನು ಕೇಳಿ ಅತ್ತೆ ಒಳಗಿನಿಂದಲೇ, “ಇನ್ನು ಆರು ತಿಂಗಳು ಅವನ ಹತ್ತಿರ ಒಂದು ಜಿರಳೆ ಸುಳಿಯಲ್ಲ ಬಿಡು,” ಎಂದು ನಕ್ಕರು. ಇವರು ನಗಲಿಲ್ಲ. ಅಡುಗೆಮನೆಗೆ ಹೋದರು. ನಮ್ಮ ಅಡುಗೆಮನೆ ಎಷ್ಟು ಇಕ್ಕಟ್ಟೆಂದರೆ ಒಬ್ಬರು ಫ್ರಿಜ್ ಬಾಗಿಲು ತೆಗೆದರೆ ಇನ್ನೊಬ್ಬರು ಹೊರಗೆ ಹೋಗಬೇಕು. ನಾನು ಹೊರಗೇ ನಿಂತು ನೋಡಿದೆ. ಬೆಳ್ಳುಳ್ಳಿ ಎತ್ತಿ ಮೂಸಿದರು, ಇಟ್ಟರು. ಕಾಫಿಪುಡಿ ಡಬ್ಬಿಗೆ ಮುಖ ಹಾಕಿದರು, ಇಟ್ಟರು. ವಿನೆಗರ್ ಬಾಟಲಿಯನ್ನು ಮೂಗಿಗೇ ಚುಚ್ಚಿಕೊಂಡರು. ಆಮೇಲೆ ನೆಲದ ಮೇಲೆ ಕೂತುಬಿಟ್ಟರು.

“ಏನೂ ಇಲ್ಲ ಕಣೇ,” ಎಂದರು. “ಎಲ್ಲ ಖಾಲಿ.”

ಡಾಕ್ಟರ ಹತ್ತಿರ ಹೋದೆವು. ಅವರು ಟಾರ್ಚು ಹಾಕಿ ನೋಡಿ, “ವಾಸನೆ ವಾಪಸ್ ಬಂದ್ರೂ ಬರಬಹುದು, ಬರದೇನೂ ಇರಬಹುದು,” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಇಷ್ಟು ಹೇಳಲು ಟಾರ್ಚು ಯಾಕೆ ಬೇಕಿತ್ತೋ ಗೊತ್ತಿಲ್ಲ.

ಇವರಿಗೆ ಉಪ್ಪು ಗೊತ್ತಾಗುತ್ತಿತ್ತು, ಹುಳಿ ಗೊತ್ತಾಗುತ್ತಿತ್ತು, ಖಾರ ಸುಡುತ್ತಿತ್ತು. ಆದರೆ ಹುಳಿ ನಿಂಬೆಯದೋ ವಿನೆಗರಿನದೋ ಎಂದು ಗೊತ್ತಾಗುತ್ತಿರಲಿಲ್ಲ. ಮೀನಿಗೂ ಒದ್ದೆ ರಟ್ಟಿಗೂ ವ್ಯತ್ಯಾಸವಿರಲಿಲ್ಲ. ಮೂರು ದಿನ ಅನ್ನವನ್ನು ಔಷಧಿಯ ಹಾಗೆ ನುಂಗಿದರು. ನಾಲ್ಕನೇ ದಿನ ನನ್ನ ಅಂಗಡಿಗೆ ಇಳಿದು ಬಂದು, ಗಿರಾಕಿ ಹೋಗುವ ತನಕ ಕಾದು, ಬಾಗಿಲು ಮುಂದೆ ಮಾಡಿ ಹೇಳಿದರು. “ಮೂಗಿಲ್ಲದ ಮೂಗುರಾಯ ಅಂದ್ರೆ ಊರು ನಗುತ್ತೆ. ಅಂಕಣ ಹೋಗುತ್ತೆ. ಅದು ಹೋದ್ರೆ ನಾನು ಬರೀ ಟಿಕೆಟ್ ಕೇಳೋನು. ನೀನು ನನ್ನ ಜೊತೆ ಬರಬೇಕು.”

“ನಾನ್ಯಾಕೆ?”

“ರುಚಿ ಹೇಳೋಕೆ.”

ಅಯ್ಯೋ ದೇವರೇ, ನನಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ನನ್ನ ನಾಲಿಗೆಗೆ ಇಷ್ಟು ವರ್ಷ ಕವಡೆ ಕಿಮ್ಮತ್ತಿರಲಿಲ್ಲ, ಈಗ ಅದೇ ಬೇಕು! ಆದರೆ ನೆಲದ ಮೇಲೆ ಕೂತಿದ್ದ ಮುಖ ನೆನಪಾಯಿತು. ಒಪ್ಪಿಕೊಂಡೆ.

ಜನರ ಮುಂದೆ ರುಚಿಯನ್ನು ಕಿವಿಯಲ್ಲಿ ಹೇಳಲಾಗುವುದಿಲ್ಲ. ಕಾಲಲ್ಲಿ ಹೇಳುವ ಉಪಾಯ ನನ್ನದೇ. ಜೀವನವೆಲ್ಲ ಹೊಲಿಗೆ ಮಿಷನ್ ತುಳಿದ ಕಾಲು ಇದು, ಎಷ್ಟು ಒತ್ತಬೇಕೋ ಅಷ್ಟೇ ಒತ್ತುತ್ತದೆ. ಮೇಜಿನ ಕೆಳಗೆ ಇವರ ಪಾದದ ಮೇಲೆ ಒಂದು ಒತ್ತು ಒತ್ತಿದರೆ ಚೆನ್ನಾಗಿದೆ. ಎರಡು ಒತ್ತಿದರೆ ಸುಮಾರು. ಹಿಮ್ಮಡಿಯಲ್ಲಿ ತುಳಿದರೆ ಬಾಯಿ ಒರೆಸಿಕೊಂಡು ಏಳಿ ಎಂದು. ವಿವರ ಏನಿದ್ದರೂ ಮನೆಗೆ ಬರುವಾಗ ಬಸ್ಸಿನಲ್ಲಿ.

ಹೀಗೆ ಶುರುವಾಯಿತು ನಮ್ಮ ತಿರುಗಾಟ. ಇಷ್ಟು ವರ್ಷ ಇದೇ ಊರಲ್ಲಿ ಇದ್ದು ನಾನು ನೋಡಿದ್ದು ನೂಲಿನ ಅಂಗಡಿ, ಗುಂಡಿಯ ಅಂಗಡಿ. ಈಗ ನೋಡಿದರೆ ಬಸ್ ಡಿಪೋದ ಹಿಂದಿನ ನೆಲಮಾಳಿಗೆಯಲ್ಲಿ ಒಂದು ಲೋಕವೇ ಇದೆ. ಹೊಗೆ ಹಾಕಿ ಒಣಗಿಸಿದ ಮೆಣಸಿನಕಾಯಿ, ಕಲ್ಲಿನಂತಿದ್ದು ನೀರಲ್ಲಿ ಹಾಕಿದರೆ ಅರಳುವ ಅಣಬೆ, ನನಗೆ ಹೆಸರು ಹೇಳಲು ಬಾರದ ಎಲೆಗಳು. ಇವರು ಹಿಂದೆ ಮೂಸಿ ಆರಿಸುತ್ತಿದ್ದದ್ದನ್ನು ಈಗ ನಾನು ಮೂಸಬೇಕು. ಇವರು ಕೈಗೆತ್ತಿಕೊಂಡು, ಗಂಭೀರವಾಗಿ ಮೂಗಿನ ಹತ್ತಿರ ಹಿಡಿದು, “ನೋಡು, ಹೇಗಿದೆ,” ಎಂದು ನನಗೆ ಪಾಠ ಹೇಳಿಕೊಡುವವರ ಹಾಗೆ ದಾಟಿಸುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಲ್ಲ, ಹಾಗೆ. ನಾನು ಮೂಸುತ್ತಿದ್ದೆ. ಸರಿಯಾದದ್ದನ್ನು ಎರಡು ಹಿಡಿ ಹೆಚ್ಚಾಗಿಯೇ ಚೀಲಕ್ಕೆ ಹಾಕುತ್ತಿದ್ದೆ, ಮನೆಗೆ ಬೇಕಲ್ಲ.

ಬಸ್ಸಿನಲ್ಲಿ ನನ್ನ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೆ. “ಆ ಹುರುಳಿ ಇತ್ತಲ್ಲ, ಮೊದಲು ಏನೂ ಗೊತ್ತಾಗಲ್ಲ ರೀ. ಖಾರ ಆಮೇಲೆ ಬರುತ್ತೆ, ಊಟ ಆದಮೇಲೆ ಬಂದ ನೆಂಟರ ಹಾಗೆ. ಬಂದಮೇಲೆ ಎದ್ದೇ ಹೋಗಲ್ಲ.” ಭಾನುವಾರ ನೋಡಿದರೆ ಅದೇ ಮಾತು ಅಚ್ಚಾಗಿ ಬಂದಿರುತ್ತಿತ್ತು, ಕೆಳಗೆ ಇವರ ಹೆಸರು. ಓದುಗರು ಕುಣಿದಾಡಿದರು. ಮೂಗುರಾಯರ ಬರವಣಿಗೆಗೆ ಈಗ ಹೊಸ ಕಳೆ ಬಂದಿದೆ ಅಂತೆ. ಇವರು ಅದನ್ನು ನನಗೇ ಓದಿ ಹೇಳಿ, ಕನ್ನಡಕ ಸರಿಮಾಡಿಕೊಂಡರು.

“ಸಂತೋಷ. ಹೊಸ ಕಳೆಗೆ ಇವತ್ತು ಪಾತ್ರೆ ತೊಳೆಯೋಕೆ ಹೇಳಿ,” ಎಂದೆ.

ತೊಳೆದರು. ಆ ತಿಂಗಳುಗಳಲ್ಲಿ ಏನು ಹೇಳಿದರೂ ಮಾಡುತ್ತಿದ್ದರು. ಕೃತಜ್ಞತೆ ಹೆಚ್ಚಾಗಿ ಒಂದು ದಿನ ಊಟಕ್ಕೆ ಕೂತವರು ಒಂದು ತುತ್ತು ತಿಂದು, ತಲೆದೂಗಿ, “ಬಹಳ ಚೆನ್ನಾಗಿದೆ. ಬೆಳ್ಳುಳ್ಳಿ ಘಮ ಅಂತೂ ಎಷ್ಟು ಹದವಾಗಿ ಬಂದಿದೆ!” ಎಂದರು.

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಇಷ್ಟು ವರ್ಷ ಕಾದ ಮಾತು ಬಂತು. ಬಂದದ್ದು ಹೀಗೆ.

“ಬೆಳ್ಳುಳ್ಳಿ ಅಲ್ಲಿದೆ ನೋಡಿ, ಬುಟ್ಟೀಲಿ,” ಎಂದೆ. “ಇವತ್ತು ಹಾಕೋದು ಮರೆತಿದ್ದೀನಿ.”

ಇವರು ಬುಟ್ಟಿಯನ್ನು ನೋಡಿದರು, ತಟ್ಟೆಯನ್ನು ನೋಡಿದರು. ಅತ್ತೆ ಕೆಮ್ಮು ಬಂದವರ ಹಾಗೆ ಬಾಯಿಗೆ ಬಟ್ಟೆ ಅಡ್ಡ ಹಿಡಿದರು. ನಾನು ನಗಲಿಲ್ಲ. ನನಗೆ ನಿಜವಾಗಿ ದುಃಖವಾಗಿತ್ತು. ಮೂಗಿದ್ದಾಗ ಬಾಯಿ ಬಿಡಲಿಲ್ಲ, ಬಾಯಿ ಬಿಟ್ಟಾಗ ಮೂಗಿಲ್ಲ. ಇನ್ನು ಈ ಮೂಗು ಬರದಿದ್ದರೆ ಇವರು ಜೀವ ಇರುವ ತನಕ ಹೊಗಳಿದರೂ ಅದಕ್ಕೆ ಅರ್ಥವಿಲ್ಲ. ಆ ಹೊತ್ತಿನಿಂದ ಇವರಿಗಿಂತ ಹೆಚ್ಚಾಗಿ ನಾನೇ ಆ ಮೂಗಿಗಾಗಿ ಹರಕೆ ಹೊತ್ತೆ.

“ಇನ್ನೊಂದು ಸಲ ಸುಳ್ಳು ಹೊಗಳಿದ್ರೆ ಕಾಲು ತಪ್ಪು ಜಾಗದಲ್ಲಿ ಒತ್ತುತ್ತೆ, ಹುಷಾರ್,” ಎಂದು ಎಚ್ಚರಿಕೆ ಕೊಟ್ಟೆ.

ನನ್ನ ಬಾಯಿ ಸರಿಯಿಲ್ಲ ಎನ್ನುತ್ತಾರೆ ಅತ್ತೆ. ಆಡಿದ್ದು ಆಗಿಬಿಡುತ್ತದಂತೆ.

ಪತ್ರಿಕೆಯ ಸಂಪಾದಕರಿಗೆ ಒಂದು ದಿನ ಆಸೆ ಬಂತು. ಇಷ್ಟು ಚೆನ್ನಾಗಿ ಬರೆಯುವ ಮನುಷ್ಯ ತಿನ್ನುವುದನ್ನು ಕಣ್ಣಾರೆ ನೋಡಬೇಕು, ನಾನೂ ಬರುತ್ತೇನೆ ಎಂದರು. ಬೇಡ ಎನ್ನುವುದು ಹೇಗೆ? ಟೈರ್ ಅಂಗಡಿಗಳ ಸಾಲಿನ ಹಿಂದೆ, ಉಂಡೆಯಮ್ಮನ ಅಂಗಡಿಗೆ ಕರೆದುಕೊಂಡು ಹೋದೆವು. ಉಂಡೆಯಮ್ಮ ಎನ್ನುವುದು ನಾನಿಟ್ಟ ಹೆಸರು. ಎಲ್ಲಿಂದಲೋ ಸಮುದ್ರ ದಾಟಿ ಬಂದ ಹೆಂಗಸು. ಹಿಟ್ಟಿನ ಹಾಳೆಯೊಳಗೆ ಮಾಂಸ, ಸೊಪ್ಪು ತುಂಬಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಮೂಳೆಯ ಸೂಪಿನಲ್ಲಿ ತೇಲಿಸಿ ಕೊಡುತ್ತಾಳೆ. ನಮ್ಮ ಮಾತು ಅವಳಿಗೆ ಅಷ್ಟಕ್ಕಷ್ಟೇ, ಅವಳ ಮಾತು ನಮಗೆ ಏನೂ ಬಾರದು. ಆದರೆ ಅವಳ ಏಪ್ರನ್ನಿನ ಹರಿದ ಜೇಬನ್ನು ನಾನು ಹೊಲಿದುಕೊಟ್ಟಿದ್ದೆ, ನಾವಿಬ್ಬರೂ ಗೆಳತಿಯರು. ಅವತ್ತು ಪತ್ರಿಕೆಯ ದೊಡ್ಡವರು ಬರುತ್ತಾರೆಂದು ತಿಳಿದು ತಲೆಗೆ ಹೊಸ ವಸ್ತ್ರ ಕಟ್ಟಿದ್ದಳು. ಹಿಂದಿನ ದಿನದಿಂದಲೇ ಮೂಳೆ ಬೇಯಲಿಟ್ಟಿದ್ದಳಂತೆ.

ಅಲ್ಲಿಯ ಮೇಜು ಮೊಣಕೈ ಊರಲೂ ಸಾಲದಷ್ಟು ಚಿಕ್ಕದು. ನಾನು ಈ ಕಡೆ, ಇವರು ಆ ಕಡೆ. ಸಂಪಾದಕರು ಪಕ್ಕದ ಸ್ಟೂಲಿನಲ್ಲಿ. ಅವರು ಒಂಟೆಯಂತೆ ಎತ್ತರದ ಮನುಷ್ಯ. ಆ ಉದ್ದದ ಕಾಲುಗಳನ್ನು ಎಲ್ಲಿ ಇಡಬೇಕೋ ತಿಳಿಯದೆ ಮೇಜಿನ ಕೆಳಗೆ ತುರುಕಿದರು. ಚಳಿಗೆ ನಾನು ದಪ್ಪ ಕಾಲುಚೀಲ ಹಾಕಿದ್ದೆ. ಯಾವುದು ಯಾರ ಕಾಲೆಂದು ನನಗೆ ಹೇಗೆ ಗೊತ್ತಾಗಬೇಕು?

ಬಟ್ಟಲು ಬಂತು. ಇವರು ಬಗ್ಗಿದರು, ಕಣ್ಣು ಮುಚ್ಚಿದರು, ಮೂಗೆಳೆದರು. ಸಂಪಾದಕರು ಪೂಜೆ ನೋಡುವವರ ಹಾಗೆ ಉಸಿರು ಹಿಡಿದರು. ಉಂಡೆಯಮ್ಮ ಸೌಟು ಹಿಡಿದು ಪಕ್ಕದಲ್ಲೇ ನಿಂತಳು. ನಾನು ಒಂದು ಚಮಚ ಕುಡಿದೆ. ಆಹಾ, ಏನು ಹೇಳಲಿ! ಮೂಳೆಯ ಸಾರವೆಲ್ಲ ಇಳಿದಿತ್ತು, ಮೇಲೆ ಹಸಿ ಶುಂಠಿಯ ಎಳೆ, ಕೊನೆಯಲ್ಲಿ ಎಲ್ಲೋ ಒಂದು ಚೂರು ಹುಳಿ. ನಾನು ಸಂತೋಷದಿಂದ ಇವರ ಪಾದದ ಮೇಲೆ ಒಂದು ಒತ್ತು ಒತ್ತಿದೆ.

ಸಂಪಾದಕರು ಬೆಚ್ಚಿಬಿದ್ದರು. ಬೆಕ್ಕೋ ಏನೋ ಎಂದುಕೊಂಡಿರಬೇಕು, ಕಾಲನ್ನು ಸರಕ್ಕನೆ ಆ ಕಡೆ ಎಳೆದುಕೊಂಡರು. ಆ ಕಡೆ ನನ್ನ ಗಂಡನ ಪಾದವಿತ್ತು. ಅದಕ್ಕೆ ಟಕ್ ಟಕ್ ಎಂದು ಎರಡು ಸಲ ತಗುಲಿತು.

ಇವರು ಕಣ್ಣು ಬಿಟ್ಟರು. “ಸುಮಾರಾಗಿದೆ,” ಎಂದರು.

ಸುಮಾರೇ! ನಾನು ದುರುಗುಟ್ಟಿ ನೋಡಿದೆ. ಇವರು ನನ್ನ ಮುಖ ನೋಡಿದರೆ ತಾನೆ? ಸರಿಯಾಗಿ ತಲುಪಲಿಲ್ಲವೇನೋ ಎಂದು ಇನ್ನಷ್ಟು ಜೋರಾಗಿ ಒತ್ತಿದೆ. ಸಂಪಾದಕರು ತುಟಿ ಕಚ್ಚಿ ಕಾಲನ್ನು ಎತ್ತಿ ಬೇರೆ ಕಡೆ ಇಟ್ಟರು. ಹಿಮ್ಮಡಿ ಹೋಗಿ ಇವರ ಪಾದದ ಮೇಲೆ ಕೂತಿತು.

“ಸುಮಾರು ಅಂತ ಮರ್ಯಾದೆಗೆ ಹೇಳಿದೆ,” ಎಂದರು ಇವರು, ಗಂಟಲು ಸರಿಮಾಡಿಕೊಂಡು. “ನಿಜ ಹೇಳಬೇಕಂದ್ರೆ ಇದು ಬಾಯಿಗೆ ಇಡೋ ಹಾಗೇ ಇಲ್ಲ.”

ಉಂಡೆಯಮ್ಮನಿಗೆ ಮಾತು ಅರ್ಥವಾಗದಿದ್ದರೂ ಮುಖ ಅರ್ಥವಾಯಿತು. ಅವಳ ಸೌಟು ನಿಧಾನವಾಗಿ ಕೆಳಗಿಳಿಯಿತು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ದಪ್ಪ ಜೀನ್ಸ್ ಹೊಲಿಯುವಾಗ ಪೆಡಲ್ ಹೇಗೆ ತುಳಿಯುತ್ತೇನೋ ಹಾಗೆ ತುಳಿದೆ.

“ಅಯ್ಯಪ್ಪಾ!” ಎಂದು ಸಂಪಾದಕರು ಹಾರಿದರು. ಹಾರುವಾಗ ಅವರ ಇನ್ನೊಂದು ಬೂಟಿನ ತುದಿ ಇವರಿಗೆ ಒಂದೇ ಒಂದು ಸಲ ತಾಗಿತು.

“ಅದ್ಭುತ!” ಎಂದು ಇವರು ಕೂಗಿದರು. “ಇಂಥದ್ದನ್ನ ನಾನು ಜನ್ಮದಲ್ಲಿ ತಿಂದಿಲ್ಲ!”

ಸಂಪಾದಕರು ಮೂಗುರಾಯರನ್ನೇ ನೋಡಿದರು. ಇವರ ಹಣೆಯಿಂದ ಬೆವರು ಬಟ್ಟಲಿಗೆ ತೊಟ್ಟಿಕ್ಕುತ್ತಿತ್ತು.

“ರಾಯರೇ, ಇನ್ನೂ ಒಂದು ಚಮಚನೂ ಬಾಯಿಗೆ ಇಟ್ಟಿಲ್ಲ ನೀವು. ಅಷ್ಟರಲ್ಲೇ ಮೂರು ತೀರ್ಪಾ?” ಎಂದರು ಸಂಪಾದಕರು. ಆಮೇಲೆ ಮೇಜಿನ ಕೆಳಗೆ ಬಗ್ಗಿದರು. ನನ್ನ ಕಾಲು ಇನ್ನೂ ಅವರ ಬೂಟಿನ ಮೇಲೆಯೇ ಇತ್ತು. ಕೆಳಗಿನಿಂದಲೇ ಕೇಳಿದರು, “ಅಮ್ಮಾ, ನನ್ನ ಕಾಲಿನ ಮೇಲೆ ನಿಮಗೇನಾದ್ರೂ ಕೋಪವೇ?”

ಅಲ್ಲಿ ನಾನು ಏನಾದರೂ ಒಂದು ಸುಳ್ಳು ಹೇಳಬಹುದಿತ್ತು. ಸೆಳೆತ ಬಂದಿದೆ ಎನ್ನಬಹುದಿತ್ತು. ಆದರೆ ಉಂಡೆಯಮ್ಮ ತಲೆಯ ಹೊಸ ವಸ್ತ್ರವನ್ನು ಬಿಚ್ಚುತ್ತಿದ್ದಳು, ಅದನ್ನು ನನ್ನಿಂದ ನೋಡಲಾಗಲಿಲ್ಲ.

“ಇವರಿಗೆ ಮೂಗು ಹೋಗಿದೆ ಸ್ವಾಮಿ!” ಎಂದೆ. “ನೆಗಡಿ ಬಂದಾಗ ಹೋದದ್ದು ಇನ್ನೂ ಬಂದಿಲ್ಲ. ನಾನು ತಿಂದು ಕಾಲಲ್ಲಿ ಹೇಳ್ತೀನಿ, ಇವರು ಬರೀತಾರೆ. ಇವತ್ತು ನಡುವೆ ನಿಮ್ಮ ಕಾಲು ಬಂತು. ಸೂಪು ಚೆನ್ನಾಗಿದೆ. ನೀವೇ ಕುಡಿದು ನೋಡಿ, ಆ ಹೆಂಗಸಿನ ಹೊಟ್ಟೆ ಉರಿಸಬೇಡಿ.”

ಸಂಪಾದಕರು ಕುಡಿದರು. ಬಟ್ಟಲು ಎತ್ತಿ ತಳ ಕಾಣುವ ತನಕ ಕುಡಿದರು. ಉಂಡೆಯಮ್ಮನ ಕಡೆ ತಿರುಗಿ ಎರಡೂ ಕೈ ಮುಗಿದರು. ಅವಳು ವಸ್ತ್ರವನ್ನು ಮತ್ತೆ ಕಟ್ಟಿಕೊಂಡು, ಕೇಳದೆಯೇ ಇನ್ನೊಂದು ಬಟ್ಟಲು ತಂದಿಟ್ಟಳು.

“ಅಂದ್ರೆ ಇಷ್ಟು ತಿಂಗಳು ನಾನು ಮೆಚ್ಚಿಕೊಂಡದ್ದು ನಿಮ್ಮ ನಾಲಿಗೆನಾ?” ಎಂದು ಸಂಪಾದಕರು ನನ್ನನ್ನು ಕೇಳಿದರು. ಆಮೇಲೆ ಇವರಿಗೆ, ಮೆತ್ತಗೆ, “ಈ ಭಾನುವಾರ ಅಂಕಣ ಬೇಡ ರಾಯರೇ. ಮುಂದೇನು ಅಂತ ಯೋಚನೆ ಮಾಡ್ತೀನಿ. ಬೇಕಾದ್ರೆ ನಿಮ್ಮ ಮನೆಯವರೇ ಬರೀಲಿ,” ಎಂದರು.

ಇವರು ತಲೆ ಎತ್ತಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಜಾಗ ಇದ್ದರೂ ಮುಂದಿನ ಸೀಟಿನಲ್ಲಿ ಹೋಗಿ ಕೂತರು. ಕಂಡಕ್ಟರ್ ಸಲಾಮು ಹೊಡೆದದ್ದೂ ಇವರಿಗೆ ಕಾಣಲಿಲ್ಲ.

ಆ ವಾರ ಮನೆಯಲ್ಲಿ ಮೂರು ಜನರಿದ್ದು ಇಬ್ಬರೇ ಮಾತಾಡಿದೆವು. ಭಾನುವಾರ ಪತ್ರಿಕೆ ಬಂತು. ‘ಕೊನೆಯ ಸ್ಟಾಪ್’ ಇರುತ್ತಿದ್ದ ಜಾಗದಲ್ಲಿ ಹಾಸಿಗೆಯ ಜಾಹೀರಾತು. ಇವರು ಕನ್ನಡಕ ಹಾಕಿಕೊಂಡು ಆ ಜಾಹೀರಾತನ್ನು ಮೊದಲಿನಿಂದ ಕೊನೆಯ ತನಕ ಓದಿದರು, ಮತ್ತೆ ಓದಿದರು. ನಾನು ಒಲೆಯ ಮೇಲೆ ಬೇಳೆ ಇಟ್ಟು, ನೆಲಮಾಳಿಗೆಯಿಂದ ತಂದ ಹೊಗೆಮೆಣಸಿನಕಾಯಿ ಹಾಕಿ, ಉರಿ ಸಣ್ಣ ಮಾಡಿ ಬಂದೆ.

“ಹಾಸಿಗೆ ತಗೊಳ್ಳೋ ವಿಚಾರ ಇದೆಯಾ?” ಎಂದೆ. ಮಾತಾಡಿಸಬೇಕಿತ್ತು, ಬಾಯಿಗೆ ಬಂದದ್ದು ಅದು.

“ಮುಂದಿನ ವಾರದಿಂದ ನಿನ್ನ ಹೆಸರೇ ಬರುತ್ತಲ್ಲ, ಸಂತೋಷ ತಾನೆ?” ಎಂದರು. “ನಿನಗೆ ಬೇಕಾದದ್ದು ಅದೇ ಇತ್ತು. ಎಲ್ಲರ ಮುಂದೆ ನನ್ನ ಮಾನ ಕಳೆದು ಅಂಕಣ ಕಿತ್ಕೊಂಡೆ.”

ಸಿಟ್ಟು ನೆತ್ತಿಗೇರಿತು ನನಗೆ. “ಯಾರಿಗೆ ಬೇಕು ರೀ ನಿಮ್ಮ ಅಂಕಣ? ಅದನ್ನ ಉಪ್ಪು ಹಾಕಿ ನೆಕ್ಕಲಾ? ನನಗೆ ಬೇಕಿದ್ದದ್ದೇ ಬೇರೆ!”

“ಏನದು?”

“ಒಂದು ಮಾತು! ಮದುವೆಯಾದಾಗಿನಿಂದ ಮೂರು ಹೊತ್ತು ಬೇಯಿಸಿ ಹಾಕಿದ್ದೀನಲ್ಲ, ಚೆನ್ನಾಗಿದೆ ಕಣೇ ಅಂತ ಒಂದು ಮಾತು. ಯಾವುದೋ ದೇಶದ ಯಾರಿಗೋ ಪುಟಗಟ್ಟಲೆ ಬರೆದ್ರಿ. ಅವರು ಒಳ್ಳೆಯವರೇ, ಅವರ ಅಡುಗೆನೂ ಒಳ್ಳೆಯದೇ, ನಾನೇ ತಿಂದಿದ್ದೀನಿ. ಆದ್ರೆ ನಾನು ಯಾವ ಸ್ಟಾಪಲ್ಲಿ ಇಳಿಯಬೇಕಿತ್ತು ಹೇಳಿ, ನಿಮ್ಮ ಕಣ್ಣಿಗೆ ಬೀಳೋಕೆ? ಈಗ ಮೂಗೂ ಹೋಯ್ತು. ಇನ್ನು ಹೇಳಿದ್ರೂ ಅದು ಬುಟ್ಟಿಯಲ್ಲಿರೋ ಬೆಳ್ಳುಳ್ಳಿಯ ಹೊಗಳಿಕೆ!”

ಹೇಳಿಬಿಟ್ಟೆ. ಹೇಳಿದ ಮೇಲೆ ಅಳು ಬಂತು. ನಾನು ಅಳುವುದು ಕಡಿಮೆ, ಅತ್ತರೆ ಚೆನ್ನಾಗಿಯೇ ಅಳುತ್ತೇನೆ. ಮೂಗು ಕಟ್ಟಿ, ಬಾಯಲ್ಲಿ ಉಸಿರಾಡುತ್ತ, ಹೊಲಿಯಲು ತಂದಿಟ್ಟಿದ್ದ ಯಾರದೋ ಅಂಗಿಯಲ್ಲೇ ಕಣ್ಣೊರೆಸಿಕೊಂಡೆ. ಇವರು ಪತ್ರಿಕೆ ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ತಲೆ ಎತ್ತಿದರು. ಮುಖ ಒಂದು ಥರ ಆಯಿತು.

“ಏನೋ ಸೀದು ಹೋಗ್ತಿದೆ,” ಎಂದರು.

“ಹೌದು, ನನ್ನ ಹಣೆಬರಹ,” ಎಂದೆ.

“ಅಲ್ಲ ಕಣೇ. ಬೇಳೆ. ಬೇಳೆ ತಳ ಹಿಡೀತಿದೆ.”

ನಾನು ಅಂಗಿ ಕೆಳಗಿಳಿಸಿ ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು. ಇಬ್ಬರೂ ಒಟ್ಟಿಗೆ ಅಡುಗೆಮನೆಗೆ ಓಡಿ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡೆವು. ಪಾತ್ರೆಯಿಂದ ಕಪ್ಪು ಹೊಗೆ ಏಳುತ್ತಿತ್ತು. ನನಗೆ ಏನೂ ಗೊತ್ತಾಗಲಿಲ್ಲ, ಮೂಗು ಪೂರ್ತಿ ಕಟ್ಟಿತ್ತು. ಇವರು ಒಲೆ ಆರಿಸಿ ಆ ಹೊಗೆಯೊಳಗೆ ತಲೆ ಹಾಕಿಬಿಟ್ಟರು. ಕಣ್ಣು ಮುಚ್ಚಿ, ಉದ್ದಕ್ಕೆ ಎಳೆದುಕೊಂಡರು. ಕೆಮ್ಮಿದರು. ಮತ್ತೆ ಎಳೆದುಕೊಂಡರು.

“ಹೊಗೆಮೆಣಸು,” ಎಂದರು. “ಬೆಳ್ಳುಳ್ಳಿ. ಇವತ್ತು ಹಾಕಿದ್ದೀಯ, ಇದೆ, ಇದೆ! ಕೊನೆಗೆ ಆ ಹೆಸರಿಲ್ಲದ ಎಲೆ ಒಂದು ಚೂರು.”

ಸೌಟಿನಿಂದ ಪಾತ್ರೆಯನ್ನು ಕೆರೆದು ಕರಿಯ ಮುದ್ದೆಯನ್ನು ಬಾಯಿಗೆ ಹಾಕಿಕೊಂಡರು. ಬಿಸಿಗೆ ಬಾಯಿ ಸುಟ್ಟಿತು, ಉಗುಳಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು, ಹೊಗೆಗೋ ಇನ್ನೊಂದಕ್ಕೋ.

“ಎಷ್ಟು ಚೆನ್ನಾಗಿದೆ ಕಣೇ,” ಎಂದರು. “ಎಷ್ಟು ಚೆನ್ನಾಗಿ ಮಾಡಿದ್ದೀಯ!”

ಗದ್ದಲ ಕೇಳಿ ಅತ್ತೆ ಬಂದರು. ಮಗನ ಕೈಯಿಂದ ಒಂದು ಚೂರು ಕಿತ್ತುಕೊಂಡು ಬಾಯಿಗಿಟ್ಟು, “ಥೂ, ಇದ್ದಿಲು!” ಎಂದು ತೊಟ್ಟಿಗೆ ಉಗಿದರು. ಇವರು ಮಾತ್ರ ನಿಂತಲ್ಲೇ ತಳ ಕೆರೆದು ತಿನ್ನುತ್ತಿದ್ದರು. ಆ ಪಾತ್ರೆಯನ್ನು ಆಮೇಲೆ ತೊಳೆಯುವ ಅಗತ್ಯವೇ ಬೀಳಲಿಲ್ಲ. ನಾನು ಬಾಗಿಲಿಗೆ ಒರಗಿ ನಿಂತು ಅಳುತ್ತ ನಗುತ್ತ ನೋಡಿದೆ. ಜನ್ಮವಿಡೀ ಕಾದ ಮಾತು ಕೊನೆಗೂ ಬಂತು. ಮೂಗಿನ ಸಮೇತ ಬಂತು, ಸುಳ್ಳಿಲ್ಲದೆ ಬಂತು. ಬಂದದ್ದು ನಾನು ಕೆಡಿಸಿದ ಏಕೈಕ ಅಡುಗೆಗೆ!

ಮೂಗು ಒಂದೇ ದಿನಕ್ಕೆ ಪೂರ್ತಿ ಬರಲಿಲ್ಲ. ಆ ವಾರವೆಲ್ಲ ಇವರು ಡಬ್ಬಿ ಡಬ್ಬಿ ತೆರೆದು ಮೂಸುತ್ತ ತಿರುಗಿದರು. ಸಂಪಾದಕರು ಫೋನ್ ಮಾಡಿ, “ಕೈ ಒಬ್ಬರದು, ಕಾಲು ಒಬ್ಬರದು. ಅಂಕಣಕ್ಕೆ ಎರಡೂ ಹೆಸರು ಹಾಕೋಣ. ಆದ್ರೆ ಇನ್ಮೇಲೆ ನಾನು ನಿಮ್ಮ ಜೊತೆ ಊಟಕ್ಕೆ ಬರಲ್ಲ,” ಎಂದರು. ಇವರು ಎರಡು ಹೆಸರಿಗೆ ಒಪ್ಪಿಕೊಂಡರು. ಹೆಂಡತಿಯದು ಮೊದಲು ಬರಬೇಕು ಎಂದು ಇವರೇ ಹೇಳಿದ್ದನ್ನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ, ಕೇಳಿಸಲಿಲ್ಲ ಎಂಬಂತೆ ಇಳಿದುಹೋದೆ.

ಮುಂದಿನ ಭಾನುವಾರ ನಾನು ಅಂಗಡಿ ತೆರೆಯಲಿಲ್ಲ. ತಿಂಗಳುಗಟ್ಟಲೆ ಮೂಸಿ ಆರಿಸಿ ತಂದದ್ದನ್ನೆಲ್ಲ ಹೊರಗೆ ತೆಗೆದೆ. ಅದೇ ಬೇಳೆ, ಅದೇ ಹೊಗೆಮೆಣಸು, ಅದೇ ಎಲೆ. ಒಲೆಯ ಮುಂದಿನಿಂದ ಕದಲಲಿಲ್ಲ. ಉರಿ ಹೆಚ್ಚಾಗದಂತೆ, ಕಡಿಮೆಯಾಗದಂತೆ, ಹದ ತಪ್ಪದಂತೆ ನೋಡಿಕೊಂಡೆ. ಅಂಥ ಬೇಳೆಯನ್ನು ನಾನು ಹಿಂದೆಂದೂ ಮಾಡಿರಲಿಲ್ಲ, ನನ್ನ ಹೊಗಳಿಕೆ ನಾನೇ ಮಾಡಿಕೊಳ್ಳುತ್ತೇನೆ, ಬೇರೆ ದಾರಿಯಿಲ್ಲ. ಬಡಿಸಿ, ಎದುರಿಗೆ ನಿಂತೆ.

ಇವರು ಬಗ್ಗಿದರು, ಕಣ್ಣು ಮುಚ್ಚಿದರು, ಮೂಗೆಳೆದರು. ತಿಂದರು. ನಿಧಾನವಾಗಿ, ಒಂದೊಂದು ತುತ್ತಿಗೂ ನಿಲ್ಲಿಸಿ, ತಟ್ಟೆ ಬರಿದಾಗುವ ತನಕ ತಿಂದರು.

“ಹೇಗಿದೆ?” ಎಂದೆ.

ಇವರು ಬೆರಳು ನೆಕ್ಕಿ, ಕನ್ನಡಕ ಸರಿಮಾಡಿಕೊಂಡರು. ಅತ್ತೆ ತಮ್ಮ ತುತ್ತನ್ನು ಕೈಯಲ್ಲೇ ಹಿಡಿದು ಕಾದರು.

“ಚೆನ್ನಾಗಿದೆ,” ಎಂದರು. “ಆದ್ರೆ ಹೋದ ವಾರದಷ್ಟು ಬಂದಿಲ್ಲ.”

ನಾನು ಸೌಟು ಎತ್ತಿದೆ. ಸತ್ಯವಾಗಿ ಹೇಳುತ್ತೇನೆ, ತಲೆಗೆ ಕುಟ್ಟಬೇಕೆಂದೇ ಎತ್ತಿದೆ. ಆಗ ಇವರು ಬರಿದಾದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು.

“ಇನ್ನೊಂದು ಸೌಟು ಹಾಕು,” ಎಂದರು.

ಅತ್ತೆಯ ಕೈಯಿಂದ ತುತ್ತು ಜಾರಿ ತಟ್ಟೆಗೆ ಬಿತ್ತು. ನಾನು ಹಾಕಿದೆ.